ಹೆಸರು ಮುಚ್ಚಿಟ್ಟು ಕೇಸು ಓದಿದರೆ

ಮೂರು ಕಾಗದಗಳಿಂದ ಶುರು ಮಾಡೋಣ. ಮೂರೂ ಅಮೆರಿಕದವು.

ಮೊದಲನೆಯದು 2017ರ ಒಂದು ಕಂಪನಿಯ ಲೆಕ್ಕದ ಪುಸ್ತಕ. ವಕೀಲರೊಬ್ಬರಿಗೆ ತಿಂಗಳು ತಿಂಗಳು ಕೊಟ್ಟ ದುಡ್ಡನ್ನು ಅದರಲ್ಲಿ 'ಕಾನೂನು ಖರ್ಚು' ಎಂದು ಬರೆದಿದ್ದಾರೆ. ಅದು ಬೇರೆ ಯಾವುದಕ್ಕೋ ಕೊಟ್ಟ ದುಡ್ಡು. ಎರಡನೆಯದು 2018ರ ಅಕ್ಟೋಬರಿನಲ್ಲಿ ರಿವಾಲ್ವರ್ ಕೊಳ್ಳುವಾಗ ತುಂಬಿದ ಸರ್ಕಾರಿ ಫಾರಂ. ಮಾದಕ ವಸ್ತು ಬಳಸುತ್ತೀರಾ ಎಂಬ ಪ್ರಶ್ನೆಯ ಮುಂದೆ 'ಇಲ್ಲ' ಎಂದು ಗುರುತು ಹಾಕಿದೆ. ಮೂರನೆಯದು 2020ರ ಗೃಹಸಾಲದ ಪತ್ರ. ಮನೆ ಸ್ವಂತ ಬಳಕೆಗೆ ಎಂದು ಬರೆದುಕೊಟ್ಟು, ಕಡಿಮೆ ಬಡ್ಡಿಗೆ ಸಾಲ ಪಡೆದು, ಆಮೇಲೆ ಅದನ್ನು ಬಾಡಿಗೆಗೆ ಕೊಟ್ಟರು ಎನ್ನುವುದು ಆರೋಪ.

ಇಷ್ಟನ್ನೇ ಹೇಳಿ ನಿಮ್ಮ ಅಭಿಪ್ರಾಯ ಕೇಳಿದರೆ ಏನು ಹೇಳುತ್ತೀರಿ? ಮೂರಕ್ಕೂ ಹೆಚ್ಚುಕಡಿಮೆ ಒಂದೇ ಉತ್ತರ ಬರಬಹುದು. ಕಾಗದದಲ್ಲಿ ಸುಳ್ಳು ಬರೆಯುವುದು ತಪ್ಪು. ಆದರೆ ಕ್ರಿಮಿನಲ್ ಕೇಸು ಹಾಕುವಷ್ಟು ದೊಡ್ಡದಾ ಅನ್ನೋದನ್ನ ಯೋಚಿಸಬೇಕು.

ಈಗ ಹೆಸರುಗಳನ್ನು ನೋಡಿ. ಲೆಕ್ಕದ ಪುಸ್ತಕ ಡೊನಾಲ್ಡ್ ಟ್ರಂಪ್ ಅವರ ಕಂಪನಿಯದು. ರಿವಾಲ್ವರ್ ಕೊಂಡವರು ಜೋ ಬೈಡನ್ ಅವರ ಮಗ ಹಂಟರ್ ಬೈಡನ್. ಗೃಹಸಾಲ ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ಕಾನೂನು ಅಧಿಕಾರಿ), ಡೆಮಾಕ್ರಟಿಕ್ ಪಕ್ಷದ ಲೆಟೀಶಿಯಾ ಜೇಮ್ಸ್ ಅವರದು. ಹೆಸರು ಕಂಡ ಕೂಡಲೇ ಉತ್ತರ ಬದಲಾಗುತ್ತದೆ. ರಿಪಬ್ಲಿಕನ್ ಬೆಂಬಲಿಗರಲ್ಲಿ ಬಹಳ ಜನಕ್ಕೆ ಮೊದಲನೆಯದು ದ್ವೇಷದ ಕೇಸು, ಉಳಿದೆರಡು ನ್ಯಾಯ. ಡೆಮಾಕ್ರಟರಲ್ಲಿ ಬಹಳ ಜನಕ್ಕೆ ಮೊದಲನೆಯದು ನ್ಯಾಯ, ಮೂರನೆಯದು ದ್ವೇಷ. ನಡುವಿನ ಕೇಸಿನ ಬಗ್ಗೆ ಮಾತಾಡದಿದ್ದರೆ ಒಳ್ಳೆಯದು ಅನ್ನುವ ಮುಖಭಾವ.

'ಕಾನೂನಿನ ಮುಂದೆ ಎಲ್ಲರೂ ಒಂದೇ' ಮತ್ತು 'ಇದು ರಾಜಕೀಯ ಸೇಡು'. ಎರಡು ವಾಕ್ಯಗಳೂ ಎಲ್ಲ ಪಕ್ಷಗಳ ಕಚೇರಿಯಲ್ಲೂ ಸಿದ್ಧವಾಗಿರುತ್ತವೆ. ಕೇಸು ಬಿದ್ದದ್ದು ಯಾರ ಮೇಲೆ ಎಂದು ನೋಡಿಕೊಂಡು ಒಂದನ್ನು ಹೊರಗೆ ತೆಗೆಯುತ್ತಾರೆ. ಇದನ್ನು ನೋಡಿ 'ಎಲ್ಲರೂ ಕಳ್ಳರೇ ಬಿಡಿ' ಎಂದು ಕೈತೊಳೆದುಕೊಳ್ಳುವುದು ಸುಲಭ. ಆದರೆ ಹಾಗೆ ಹೇಳುವವರೂ ಕೇಸಿನ ಕಾಗದ ಓದಿರುವುದಿಲ್ಲ.

ಓದಲು ಹೊರಟರೆ ಮೊದಲು ಗೊತ್ತಾಗುವುದು, ಇಲ್ಲಿ ಜಗಳ ಒಂದಲ್ಲ, ಎರಡು ಎಂದು. ಅವನು ಆ ಕೆಲಸ ಮಾಡಿದ್ದಾನಾ ಎನ್ನುವುದು ಒಂದು ಪ್ರಶ್ನೆ. ಅದೇ ಕೆಲಸ ಬೇರೆ ಯಾರಾದರೂ ಮಾಡಿದ್ದರೆ ಕೇಸು ಬೀಳುತ್ತಿತ್ತಾ ಎನ್ನುವುದು ಇನ್ನೊಂದು. ಒಂದಕ್ಕೆ 'ಹೌದು', ಇನ್ನೊಂದಕ್ಕೆ 'ಇಲ್ಲ' ಎಂಬ ಉತ್ತರ ಒಟ್ಟಿಗೇ ಬರಬಹುದು. ಎರಡು ಪಕ್ಷಗಳೂ ತಮಗೆ ಬೇಕಾದ ಒಂದು ಪ್ರಶ್ನೆ ಹಿಡಿದುಕೊಂಡು ಉತ್ತರ ಹೇಳುತ್ತವೆ. ಎದುರಿನವರು ಇನ್ನೊಂದನ್ನು ಕೇಳುತ್ತಿದ್ದಾರೆ ಎನ್ನುವುದು ಇಬ್ಬರ ಕಿವಿಗೂ ಬೀಳುವುದಿಲ್ಲ.

ನ್ಯೂಯಾರ್ಕ್ ಕೇಸನ್ನೇ ಸ್ವಲ್ಪ ಬಿಡಿಸಿ ನೋಡೋಣ. ಅಮೆರಿಕದ ಮಾಜಿ ಅಧ್ಯಕ್ಷರೊಬ್ಬರ ಮೇಲೆ ಬಿದ್ದ ಮೊದಲ ಕ್ರಿಮಿನಲ್ ಕೇಸು ಅದು. 2016ರ ಅಕ್ಟೋಬರಿನಲ್ಲಿ, ಚುನಾವಣೆಗೆ ಕೆಲವೇ ದಿನ ಇದ್ದಾಗ, ಟ್ರಂಪ್ ಅವರ ವಕೀಲ ಮೈಕೆಲ್ ಕೋಹೆನ್ ಅವರು ಸ್ಟಾರ್ಮಿ ಡೇನಿಯಲ್ಸ್ ಎಂಬ ನಟಿಗೆ 1,30,000 ಡಾಲರ್ ಕೊಟ್ಟರು. ಟ್ರಂಪ್ ಜೊತೆ ತನಗೆ ಸಂಬಂಧ ಇತ್ತು ಎಂದು ಆಕೆ ಬಾಯಿ ಬಿಡಬಾರದು ಎನ್ನುವುದು ಒಪ್ಪಂದ. ಅಂಥ ಸಂಬಂಧವೇ ಇರಲಿಲ್ಲ ಎಂದು ಟ್ರಂಪ್ ಹೇಳುತ್ತಾರೆ. ಮರುವರ್ಷ ಕೋಹೆನ್‌ಗೆ ಆ ದುಡ್ಡು ವಾಪಸ್ ಬಂತು. ಅದರ ಲೆಕ್ಕ ನೋಡಿದರೆ ನಗು ಬರುತ್ತದೆ. 1,30,000ಕ್ಕೆ ಇನ್ನೊಂದು ಬಾಕಿ 50,000 ಸೇರಿಸಿ, ತೆರಿಗೆ ಕಟ್ಟಿದ ಮೇಲೂ ಕೈಗೆ ಪೂರ್ತಿ ಸಿಗಲಿ ಎಂದು ಅದನ್ನು ಎರಡು ಪಟ್ಟು ಮಾಡಿ, ಮೇಲೆ 60,000 ಬೋನಸ್ ಹಾಕಿದರು. ಒಟ್ಟು 4,20,000. ತಿಂಗಳಿಗೆ 35,000ದಂತೆ ವರ್ಷವಿಡೀ ಹಂಚಿದರು. ಪುಸ್ತಕದಲ್ಲಿ ಬರೆದದ್ದು ಕಾನೂನು ಖರ್ಚು ಎಂದು. 11 ಬಿಲ್ಲು, 11 ಚೆಕ್ಕು, ಲೆಕ್ಕದ ಪುಸ್ತಕದಲ್ಲಿ 12 ನಮೂದು. ಕೂಡಿದರೆ 34. ಎಲ್ಲರ ಬಾಯಲ್ಲೂ ಓಡಾಡಿದ ಆ '34 ಆರೋಪ' ಇದೇ. 34 ಬೇರೆ ಬೇರೆ ಅಪರಾಧ ಎಂದುಕೊಂಡವರು ಬಹಳ. ಹಾಗಲ್ಲ, ಒಂದೇ ವ್ಯವಹಾರದ 34 ಕಾಗದ.

ನ್ಯೂಯಾರ್ಕ್ ಕಾನೂನಿನಲ್ಲಿ ವ್ಯಾಪಾರದ ಲೆಕ್ಕದಲ್ಲಿ ಸುಳ್ಳು ಬರೆಯುವುದು ಸಣ್ಣ ಅಪರಾಧ. ಇನ್ನೊಂದು ಅಪರಾಧ ಮಾಡಲೋ ಮುಚ್ಚಿಡಲೋ ಆ ಸುಳ್ಳು ಬರೆದಿದ್ದರೆ ಅದು ಗಂಭೀರ ಅಪರಾಧವಾಗುತ್ತದೆ. ಸಣ್ಣದು ಎಂದೇ ಬಿಟ್ಟಿದ್ದರೆ ಕೇಸು ಹಾಕುವ ಕಾಲಮಿತಿ ಎಂದೋ ಮುಗಿದಿತ್ತು. ಹಾಗಾಗಿ ಆ 'ಇನ್ನೊಂದು ಅಪರಾಧ' ಯಾವುದು ಎನ್ನುವುದರ ಮೇಲೇ ಇಡೀ ಕೇಸು ನಿಂತಿತ್ತು. ಅಕ್ರಮ ದಾರಿಯಲ್ಲಿ ಚುನಾವಣೆ ಗೆಲ್ಲಿಸಲು ಸಂಚು ಮಾಡಬಾರದು ಎಂಬ ರಾಜ್ಯದ ಚುನಾವಣಾ ಕಾನೂನನ್ನು ಪ್ರಾಸಿಕ್ಯೂಟರ್, ಅಂದರೆ ಸರ್ಕಾರದ ಪರ ಕೇಸು ನಡೆಸುವ ವಕೀಲರು, ತೋರಿಸಿದರು. ಆ ಅಕ್ರಮ ದಾರಿ ಯಾವುದು? ಚುನಾವಣಾ ವೆಚ್ಚದ ನಿಯಮ ಮುರಿದದ್ದಾ, ಬೇರೆ ಲೆಕ್ಕ ತಿರುಚಿದ್ದಾ, ತೆರಿಗೆಯಲ್ಲಿ ಸುಳ್ಳಾ? ಈ ಮೂರರಲ್ಲಿ ಯಾವುದು ಎನ್ನುವುದರ ಮೇಲೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಗುಂಪಾದ ಜ್ಯೂರಿಯ ಹನ್ನೆರಡು ಜನರೂ ಒಂದೇ ಮಾತಿಗೆ ಬರಬೇಕಿಲ್ಲ ಎಂದು ನ್ಯಾಯಾಧೀಶ ಹ್ವಾನ್ ಮರ್ಚನ್ ಹೇಳಿದರು.

ಒಂದು ಅಪರಾಧದ ಹೆಗಲ ಮೇಲೆ ಇನ್ನೊಂದು, ಅದರ ಹೆಗಲ ಮೇಲೆ ಮತ್ತೊಂದು. ಈ ಕಟ್ಟಡ ಮಾಜಿ ಅಧ್ಯಕ್ಷರೊಬ್ಬರ ಮೊದಲ ಕೇಸಿಗೆ ತೀರಾ ತೆಳುವಾಯಿತು ಎಂದು ನನಗೆ ಅನಿಸುತ್ತದೆ. ಟ್ರಂಪ್ ಅವರನ್ನು ಕಂಡರಾಗದ ಕಾನೂನು ಪಂಡಿತರಲ್ಲೂ ಕೆಲವರು ಆಗಲೇ ಇದನ್ನು ಹೇಳಿದ್ದರು. ಕೋಹೆನ್ ಅವರೇನೋ 2018ರಲ್ಲಿ ಚುನಾವಣಾ ವೆಚ್ಚದ ಅಪರಾಧ ಒಪ್ಪಿಕೊಂಡು ಜೈಲಿಗೆ ಹೋದರು. ಕೇಂದ್ರದ ಪ್ರಾಸಿಕ್ಯೂಟರ್‌ಗಳು ಟ್ರಂಪ್ ಮೇಲೆ ಆಗಲೂ ಕೇಸು ಹಾಕಲಿಲ್ಲ, ಅವರು ಅಧಿಕಾರದಿಂದ ಇಳಿದ ಮೇಲೂ ಹಾಕಲಿಲ್ಲ. ಹಾಕಿದ್ದು ಮ್ಯಾನ್‌ಹಟನ್‌ನ ಜಿಲ್ಲಾ ಅಟಾರ್ನಿ ಆಲ್ವಿನ್ ಬ್ರಾಗ್. ಅವರು ಡೆಮಾಕ್ರಟಿಕ್ ಪಕ್ಷದಿಂದ ಚುನಾಯಿತರಾದವರು. ಟ್ರಂಪ್ ಆಡಳಿತದ ಮೇಲೆ ನೂರಕ್ಕೂ ಹೆಚ್ಚು ದಾವೆ ಹಾಕಿದ ಅನುಭವ ತನಗಿದೆ ಎಂದು ಪ್ರಚಾರದಲ್ಲಿ ಹೇಳಿಕೊಂಡವರು. 2020ರ ಚುನಾವಣೆಯಲ್ಲಿ ಮ್ಯಾನ್‌ಹಟನ್‌ನಲ್ಲಿ ಬೈಡನ್‌ಗೆ ಶೇ 85ಕ್ಕೂ ಹೆಚ್ಚು ಮತ ಬಿದ್ದಿತ್ತು. ನ್ಯಾಯಾಧೀಶರು 2020ರಲ್ಲಿ ಬೈಡನ್ ಪ್ರಚಾರಕ್ಕೆ 15 ಡಾಲರ್ ಕೊಟ್ಟಿದ್ದರು. ಹದಿನೈದೇ ಡಾಲರ್! ಆದರೂ ಕೊಡದೆ ಇದ್ದಿದ್ದರೆ ಚೆನ್ನಾಗಿತ್ತು ಅಲ್ವಾ? ಎರಡನೇ ಪ್ರಶ್ನೆ ಹಿಡಿದುಕೊಂಡ ರಿಪಬ್ಲಿಕನ್ನರಿಗೆ ಇಷ್ಟು ಸರಕು ಸಿಕ್ಕಿತು. ಇದನ್ನು ಸುಮ್ನೆ ಗದ್ದಲ ಎಂದು ತಳ್ಳಿಹಾಕುವುದು ಸರಿಯಲ್ಲ.

ಮೊದಲ ಪ್ರಶ್ನೆಗೆ ಬನ್ನಿ, ದೃಶ್ಯ ಬೇರೆ. ಲೆಕ್ಕದಲ್ಲಿ ಬರೆದದ್ದು ಸುಳ್ಳು ಎನ್ನುವುದಕ್ಕೆ ಕೋಹೆನ್ ಬಾಯಿಮಾತು ಮಾತ್ರವಲ್ಲ, ಕಂಪನಿಯವರದ್ದೇ ಕೈಬರಹದ ಟಿಪ್ಪಣಿಗಳಿದ್ದವು. ಎರಡೂ ಕಡೆಯ ವಕೀಲರು ಜ್ಯೂರಿಯನ್ನು ಆರಿಸಿದ್ದರು. ಆ ಜ್ಯೂರಿ 2024ರ ಮೇ 30ರಂದು 34 ಆರೋಪದಲ್ಲೂ ಟ್ರಂಪ್ ತಪ್ಪಿತಸ್ಥ ಎಂದಿತು. ಒಬ್ಬರು ಒಪ್ಪದಿದ್ದರೂ ತೀರ್ಪು ಬರುತ್ತಿರಲಿಲ್ಲ. ಇದನ್ನು ಬೈಡನ್ ಮಾಡಿಸಿದ ಕೇಸು ಎಂದು ಟ್ರಂಪ್ ಹೇಳುತ್ತಲೇ ಬಂದರು. ಅಮೆರಿಕದಲ್ಲಿ ಜಿಲ್ಲಾ ಅಟಾರ್ನಿ ಅಧ್ಯಕ್ಷರ ಕೈಕೆಳಗಿನ ನೌಕರ ಅಲ್ಲ. ಅಧ್ಯಕ್ಷರು ಅವರನ್ನು ನೇಮಿಸುವುದೂ ಇಲ್ಲ, ತೆಗೆಯಲೂ ಆಗದು. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೀರ್ಪು ಬಂದ ಮೇಲಾದದ್ದು ಇನ್ನೂ ಸ್ವಾರಸ್ಯ. ಒಂದೇ ದಿನದಲ್ಲಿ 5.28 ಕೋಟಿ ಡಾಲರ್ ದೇಣಿಗೆ ಬಂತು ಎಂದು ಟ್ರಂಪ್ ಪ್ರಚಾರ ತಂಡ ಹೇಳಿಕೊಂಡಿತು. ಹಿಂದಿನ ವರ್ಷ ಜಾರ್ಜಿಯಾದ ಜೈಲಿನಲ್ಲಿ ತೆಗೆದ ಅವರ ಫೋಟೊ ಆಗಲೇ ಟೀ ಶರ್ಟು, ಕಪ್ಪುಗಳ ಮೇಲೆ ಮಾರಾಟವಾಗುತ್ತಿತ್ತು. ಗಂಭೀರ ಅಪರಾಧದಲ್ಲಿ ತಪ್ಪಿತಸ್ಥನಾದವನು ಅಧ್ಯಕ್ಷನಾಗಬಹುದೇ ಎಂದು ಯೂಗವ್ ಎಂಬ ಸಂಸ್ಥೆಯ ಸಮೀಕ್ಷೆ ಕೇಳಿತ್ತು. ಆಗಬಹುದು ಎಂದ ರಿಪಬ್ಲಿಕನ್ನರು ತೀರ್ಪಿಗೆ ಮುಂಚೆ ಶೇ 17. ತೀರ್ಪಿನ ನಂತರ ಶೇ 58. ಸಂವಿಧಾನ ಬದಲಾಗಿರಲಿಲ್ಲ, ಕಾನೂನೂ ಬದಲಾಗಿರಲಿಲ್ಲ. ಪ್ರಶ್ನೆಯಲ್ಲಿ ಹೆಸರು ಇರಲಿಲ್ಲ. ಆದರೆ ಕೇಳಿಸಿಕೊಂಡವರ ತಲೆಯಲ್ಲಿ ಹೆಸರು ಬಂದು ಕೂತಿತ್ತು.

ಡೆಮಾಕ್ರಟರನ್ನು ಇದೇ ತಕ್ಕಡಿಯಲ್ಲಿ ಇಡೋಣ. ಹಂಟರ್ ಬೈಡನ್ ಕೇಸು ನಡೆಸಿದ ಡೇವಿಡ್ ವೈಸ್ ಅವರನ್ನು ಡೆಲವೇರ್‌ನ ಪ್ರಾಸಿಕ್ಯೂಟರ್ ಆಗಿ ನೇಮಿಸಿದ್ದು ಟ್ರಂಪ್. ಬೈಡನ್ ಬಂದ ಮೇಲೂ ಅವರನ್ನು ಬದಲಿಸಲಿಲ್ಲ. ಬದಲಿಸಿದ್ದರೆ ಆಗುತ್ತಿದ್ದ ರಂಪ ಊಹಿಸಬಹುದು. 2024ರ ಜೂನ್‌ನಲ್ಲಿ ಜ್ಯೂರಿ ಹಂಟರ್ ತಪ್ಪಿತಸ್ಥ ಎಂದಿತು. ಟ್ರಂಪ್ ತೀರ್ಪು ಬಂದು ಎರಡು ವಾರವೂ ಆಗಿರಲಿಲ್ಲ. ನೋಡಿ, ಅಧ್ಯಕ್ಷರ ಮಗನನ್ನೂ ಬಿಡುವುದಿಲ್ಲ, ಇದೇ ನಿಷ್ಪಕ್ಷಪಾತ ಎಂದು ಡೆಮಾಕ್ರಟರು ಆಗ ಹೆಮ್ಮೆಪಟ್ಟರು. ಮಗನಿಗೆ ಕ್ಷಮಾದಾನ ಕೊಡುವುದಿಲ್ಲ ಎಂದು ಬೈಡನ್ ಮಾತು ಕೊಟ್ಟಿದ್ದರು. ಡಿಸೆಂಬರ್ 1ರಂದು ಕೊಟ್ಟರು. ಕಾರಣ? ತನ್ನ ಮಗ ಎನ್ನುವ ಒಂದೇ ಕಾರಣಕ್ಕೆ ಹಂಟರ್‌ನನ್ನು ಆರಿಸಿ ಹಿಡಿದರು, ಬೇರೆಯವರಾಗಿದ್ದರೆ ಇಂಥ ಫಾರಂ ತಪ್ಪಿಗೆ ಸಾಮಾನ್ಯವಾಗಿ ಇಷ್ಟು ದೊಡ್ಡ ಕೇಸು ಹಾಕುತ್ತಿರಲಿಲ್ಲ, ರಾಜಕೀಯ ಈ ಪ್ರಕ್ರಿಯೆಯನ್ನು ಕೆಡಿಸಿತು ಎಂದರು.

ಈ ವಾದ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಟ್ರಂಪ್ ಹೇಳಿದ್ದೂ ಇದನ್ನೇ. ನನ್ನ ಲೆಕ್ಕದಲ್ಲಿ ಬೈಡನ್ ವಾದದಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ಎರಡನೇ ಪ್ರಶ್ನೆಯನ್ನು ಎರಡು ವರ್ಷ ಲೇವಡಿ ಮಾಡಿದ ಪಕ್ಷದ ನಾಯಕ ಕೊನೆಗೆ ಅದೇ ಪ್ರಶ್ನೆಯ ಹಿಂದೆ ಬಂದು ನಿಂತರು. ಅವರದೇ ಪಕ್ಷದ ಕೆಲವರು ಇದನ್ನು ಬಹಿರಂಗವಾಗಿ ಟೀಕಿಸಿದರು.

ಮೂರನೇ ಕಾಗದದಲ್ಲಿ ಪಾತ್ರಗಳು ಅದಲುಬದಲಾಗುತ್ತವೆ. ಟ್ರಂಪ್ ಮತ್ತವರ ಕಂಪನಿ ಆಸ್ತಿಯ ಬೆಲೆ ಉಬ್ಬಿಸಿ ತೋರಿಸಿತು ಎಂದು ಸಿವಿಲ್ ದಾವೆ ಹಾಕಿದವರು ಲೆಟೀಶಿಯಾ ಜೇಮ್ಸ್. ಟ್ರಂಪ್ ಬೆನ್ನು ಬೀಳುತ್ತೇನೆ ಎಂದೇ 2018ರಲ್ಲಿ ಪ್ರಚಾರ ಮಾಡಿ ಗೆದ್ದವರು. ಹಾಗೆ ಮಾತಾಡಿ ಗೆದ್ದ ಪ್ರಾಸಿಕ್ಯೂಟರ್ ಆಮೇಲೆ ಎಷ್ಟೇ ಸರಿಯಾದ ಕೇಸು ಹಾಕಿದರೂ ಅರ್ಧ ದೇಶ ನಂಬುವುದಿಲ್ಲ. ಅದು ಅವರೇ ತಂದುಕೊಂಡ ಕಷ್ಟ. ಅವರ ಮೇಲೆ ವರ್ಜೀನಿಯಾದಲ್ಲಿ ಗೃಹಸಾಲದ ಕೇಸು ಬಿದ್ದದ್ದು 2025ರ ಅಕ್ಟೋಬರ್ 9ರಂದು. ಅದಕ್ಕೂ ಎರಡು ವಾರ ಮುಂಚೆ ಎಫ್‌ಬಿಐನ ಮಾಜಿ ಮುಖ್ಯಸ್ಥ ಜೇಮ್ಸ್ ಕೋಮಿ ಮೇಲೆ ಕೇಸು ಬಿದ್ದಿತ್ತು. ಇಬ್ಬರೂ ಆರೋಪ ನಿರಾಕರಿಸಿದರು.

ಈ ಕೇಸುಗಳ ಹುಟ್ಟು ನೋಡಿ. ಆ ವಲಯದ ಪ್ರಾಸಿಕ್ಯೂಟರ್ ಎರಿಕ್ ಸೀಬರ್ಟ್ ಅವರನ್ನು ಆ ಜಾಗಕ್ಕೆ ಆರಿಸಿದ್ದು ಟ್ರಂಪ್ ಅವರೇ. ಸಾಕ್ಷಿ ಸಾಲದು ಎಂಬ ಅನುಮಾನ ಅವರಿಗಿತ್ತು ಎಂದು ಆಗ ವರದಿಯಾಗಿತ್ತು. ಒತ್ತಡ ಬಂತು, ಸೆಪ್ಟೆಂಬರ್ 19ರಂದು ಅವರು ಹೊರಗೆ ಹೋದರು. ಮರುದಿನ ಟ್ರಂಪ್ ತಮ್ಮ ಅಟಾರ್ನಿ ಜನರಲ್ ಪ್ಯಾಮ್ ಬಾಂಡಿಯನ್ನು ಹೆಸರಿಟ್ಟು ಕರೆದು, ಕೋಮಿ, ಜೇಮ್ಸ್ ಮತ್ತು ಸೆನೆಟರ್ ಆ್ಯಡಮ್ ಶಿಫ್ ಮೇಲೆ ಇನ್ನೂ ಯಾಕೆ ಏನೂ ಆಗಿಲ್ಲ ಎಂದು ಎಲ್ಲರಿಗೂ ಕಾಣುವಂತೆ ಸೋಷಿಯಲ್ ಮೀಡಿಯಾದಲ್ಲಿ ಬರೆದರು. ಖಾಲಿಯಾದ ಜಾಗಕ್ಕೆ ಲಿಂಡ್ಸಿ ಹಾಲಿಗನ್ ಬಂದರು. ಮೊದಲು ಟ್ರಂಪ್ ಅವರ ಖಾಸಗಿ ವಕೀಲರ ತಂಡದಲ್ಲಿ ಇದ್ದವರು, ಪ್ರಾಸಿಕ್ಯೂಟರ್ ಆಗಿ ಒಂದು ಕೇಸೂ ನಡೆಸದವರು. ಕೋಮಿ ಕೇಸಿನ ಕಾಲಮಿತಿ ಮುಗಿಯಲು ಐದೇ ದಿನ ಇದ್ದಾಗ ಆರೋಪ ಸಲ್ಲಿಕೆಯಾಯಿತು.

'ಇಬ್ಬರೂ ಮಾಡಿದ್ದು ಒಂದೇ' ಎನ್ನುವ ಮಾತನ್ನು ನಾನು ಇಲ್ಲಿ ಒಪ್ಪುವುದಿಲ್ಲ. ಬ್ರಾಗ್ ಮನಸ್ಸಿನಲ್ಲಿ ರಾಜಕೀಯ ಇತ್ತಾ ಎನ್ನುವುದನ್ನು ನಾವು ಊಹಿಸಬೇಕು. ವರ್ಜೀನಿಯಾದಲ್ಲಿ ಊಹೆಯ ಕೆಲಸವೇ ಇಲ್ಲ. ಯಾರ ಮೇಲೆ ಕೇಸು ಬೇಕು ಎಂದು ದೇಶದ ಅಧ್ಯಕ್ಷರೇ ಬರೆದಿದ್ದಾರೆ, ಬೇಡ ಎಂದವರ ಜಾಗಕ್ಕೆ ಬೇಕು ಎನ್ನುವವರನ್ನು ತಂದಿದ್ದಾರೆ. ನ್ಯೂಯಾರ್ಕಿನಲ್ಲಿ ಅಧ್ಯಕ್ಷರ ಕೈ ಪ್ರಾಸಿಕ್ಯೂಟರ್ ಕುರ್ಚಿಗೆ ಮುಟ್ಟುತ್ತಿರಲಿಲ್ಲ, ಇಲ್ಲಿ ಮುಟ್ಟಿತು. 1940ರಲ್ಲಿ ಅಟಾರ್ನಿ ಜನರಲ್ ಆಗಿದ್ದ ರಾಬರ್ಟ್ ಜಾಕ್ಸನ್ ತಮ್ಮ ಪ್ರಾಸಿಕ್ಯೂಟರ್‌ಗಳ ಮುಂದೆ ಮಾತಾಡುತ್ತಾ ಇದನ್ನೇ ಎಚ್ಚರಿಸಿದ್ದರು. ಅಪರಾಧ ಕಂಡು ಅದನ್ನು ಮಾಡಿದವನನ್ನು ಹುಡುಕುವುದು ಬೇರೆ, ಮನುಷ್ಯನನ್ನು ಮೊದಲು ಆರಿಸಿ ಆಮೇಲೆ ಕಾನೂನು ಪುಸ್ತಕದಲ್ಲಿ ಅವನಿಗೆ ಹೊಂದುವ ಅಪರಾಧ ಹುಡುಕುವುದು ಬೇರೆ ಎಂದು. ಪುಸ್ತಕ ದಪ್ಪಗಿದೆ, ಹುಡುಕಿದರೆ ಯಾರಿಗಾದರೂ ಏನಾದರೂ ಸಿಗುತ್ತದೆ.

ಹೆಸರು ಮುಚ್ಚಿ ಓದುವ ಉಪಾಯ ಇಲ್ಲಿ ಕೈಕೊಡುತ್ತದೆ. ಮೊದಲ ಪ್ರಶ್ನೆಗೆ ಅದು ಒಳ್ಳೆಯ ಔಷಧಿ: ಕಾಗದ ಸುಳ್ಳಾ, ಸಾಕ್ಷಿ ಇದೆಯಾ, ಇಷ್ಟು ನೋಡಲು ಹೆಸರು ಬೇಡ. ಎರಡನೇ ಪ್ರಶ್ನೆ ಇರುವುದೇ ಹೆಸರಿನ ಬಗ್ಗೆ. ಹೆಸರು ಮುಚ್ಚಿದರೆ ಯಾರು ಯಾರನ್ನು ಯಾಕೆ ಆರಿಸಿದರು ಎನ್ನುವುದೂ ಮುಚ್ಚಿಹೋಗುತ್ತದೆ. ಅದಕ್ಕೆ ನೋಡಬೇಕಾದ್ದು ಬೇರೆ: ಕೇಸು ಹಾಕಿದವರನ್ನು ನೇಮಿಸಿದವರು ಯಾರು, ಮುಂಚೆ ಬೇಡ ಎಂದವರು ಯಾರಾದರೂ ಇದ್ದರಾ, ಅವರು ಏನಾದರು, ಇದೇ ಸೆಕ್ಷನ್ ಅಡಿ ಹೆಸರಿಲ್ಲದ ಸಾಮಾನ್ಯರ ಮೇಲೂ ಕೇಸು ಬೀಳುತ್ತದಾ.

ಕೋರ್ಟುಗಳ ವಿಷಯದಲ್ಲೂ ಇದೇ ಆಟ ನಡೆಯಿತು. 2024ರ ಜುಲೈನಲ್ಲಿ ಫ್ಲಾರಿಡಾದ ನ್ಯಾಯಾಧೀಶೆ ಐಲೀನ್ ಕ್ಯಾನನ್ ಅವರು ಅಧಿಕಾರ ಬಿಟ್ಟ ಮೇಲೂ ಸರ್ಕಾರದ ರಹಸ್ಯ ದಾಖಲೆ ಇಟ್ಟುಕೊಂಡ ಆರೋಪದ ಕೇಸಿನಿಂದ ಟ್ರಂಪ್ ಅವರನ್ನು ಬಿಟ್ಟರು. ವಿಶೇಷ ಪ್ರಾಸಿಕ್ಯೂಟರ್ ಜಾಕ್ ಸ್ಮಿತ್ ನೇಮಕವೇ ಸರಿಯಿಲ್ಲ ಎನ್ನುವುದು ಕಾರಣ. ಕ್ಯಾನನ್ ಅವರನ್ನು ನೇಮಿಸಿದ್ದು ಟ್ರಂಪ್, ಹಾಗಾಗಿ ಡೆಮಾಕ್ರಟರು ಕೂಗಾಡಿದರು. 2025ರ ನವೆಂಬರ್ 24ರಂದು ನ್ಯಾಯಾಧೀಶೆ ಕ್ಯಾಮರಾನ್ ಕರಿ ಅವರು ಕೋಮಿ ಮತ್ತು ಜೇಮ್ಸ್ ಕೇಸುಗಳನ್ನು ವಜಾ ಮಾಡಿದರು. ಹಾಲಿಗನ್ ನೇಮಕವೇ ಸರಿಯಿಲ್ಲ ಎನ್ನುವುದು ಕಾರಣ. ಕರಿ ಅವರನ್ನು ನೇಮಿಸಿದ್ದು ಡೆಮಾಕ್ರಟಿಕ್ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್, ಈ ಸಲ ಕೂಗಾಡಿದ್ದು ರಿಪಬ್ಲಿಕನ್ನರು. ಎರಡು ಸಲವೂ ಕೇಸಿನ ಸಾಕ್ಷಿಯನ್ನು ಯಾರೂ ತೂಗಲಿಲ್ಲ. ತಾಂತ್ರಿಕ ಕಾರಣಕ್ಕೆ ತಪ್ಪಿಸಿಕೊಂಡರು ಎಂದು ಸೋತವರು ಗೊಣಗಿದರು, ಕಾನೂನು ಗೆದ್ದಿತು ಎಂದು ಗೆದ್ದವರು ಬೀಗಿದರು. ಸಂಭಾಷಣೆ ಅದೇ, ಹೇಳುವವರು ಮಾತ್ರ ಬೇರೆ.

ಹಾಗಾದರೆ ಪಕ್ಷ ನೋಡದೆ ಮಾತಾಡುವವರು ಇಲ್ಲವೇ ಇಲ್ಲವಾ? ಇದ್ದಾರೆ. ಅವರು ತಮ್ಮವರ ಕೇಸಿನಲ್ಲಿ ಏನು ಮಾಡಿದರು ಎನ್ನುವುದರಲ್ಲಿ ಗುರುತು ಸಿಗುತ್ತದೆ. ನ್ಯೂಜೆರ್ಸಿಯ ಡೆಮಾಕ್ರಟಿಕ್ ಸೆನೆಟರ್ ಬಾಬ್ ಮೆನೆಂಡೆಜ್ ಮೇಲೆ 2023ರಲ್ಲಿ ಲಂಚದ ಕೇಸು ಬಿತ್ತು. ಮನೆಯಲ್ಲಿ ಚಿನ್ನದ ಗಟ್ಟಿ, ಕೋಟಿನ ಜೇಬಿನಲ್ಲಿ ಕಂತೆ ಕಂತೆ ನೋಟು. ಅವರ ಪಕ್ಷದ ಅರ್ಧಕ್ಕಿಂತ ಜಾಸ್ತಿ ಸೆನೆಟರ್‌ಗಳು ರಾಜೀನಾಮೆ ಕೊಡಿ ಎಂದರು. ಮೆಚ್ಚಬೇಕಾದ್ದೇ. ಆದರೆ ನ್ಯೂಜೆರ್ಸಿಯ ಗವರ್ನರ್ ಡೆಮಾಕ್ರಟ್, ಖಾಲಿಯಾದ ಜಾಗಕ್ಕೆ ಅವರು ತಮ್ಮ ಪಕ್ಷದವರನ್ನೇ ತುಂಬುತ್ತಿದ್ದರು. ಪಕ್ಷಕ್ಕೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಮರುವರ್ಷ ಟೆಕ್ಸಾಸ್‌ನ ಡೆಮಾಕ್ರಟಿಕ್ ಸಂಸದ ಹೆನ್ರಿ ಕ್ವೆಯಾರ್ ಮೇಲೆ ಲಂಚದ ಆರೋಪ ಬಂತು. ಅವರದು ಗೆಲ್ಲಲು ಕಷ್ಟದ ಕ್ಷೇತ್ರ. ಪಕ್ಷ ಹೆಚ್ಚುಕಡಿಮೆ ಮೌನವಾಗಿತ್ತು. ಆ ಕೇಸು ವಿಚಾರಣೆಗೆ ಬರುವ ಮುಂಚೆ ಕ್ಷಮಾದಾನ ಕೊಟ್ಟವರು ಟ್ರಂಪ್! ಬೈಡನ್ ಸರ್ಕಾರದ ಪ್ರಾಸಿಕ್ಯೂಟರ್‌ಗಳು ಹಾಕಿದ ಕೇಸು ಎನ್ನುವುದೇ ಅವರಿಗೆ ಸಾಕಾಗಿತ್ತು.

ತಮ್ಮ ಸಂಸದ ಜಾರ್ಜ್ ಸ್ಯಾಂಟೋಸ್ ವಿಷಯದಲ್ಲಿ ರಿಪಬ್ಲಿಕನ್ನರು ತೆತ್ತ ಬೆಲೆ ದೊಡ್ಡದು. 2023ರ ಡಿಸೆಂಬರ್ 1ರಂದು ಅವರನ್ನು ಸದನದಿಂದ ಹೊರಹಾಕಲು 311 ಮತ ಬಿತ್ತು. ಅದರಲ್ಲಿ 105 ಅವರದೇ ಪಕ್ಷದ್ದು. ಸದನದಲ್ಲಿ ಪಕ್ಷಕ್ಕೆ ಇದ್ದ ಬಹುಮತ ಬೆರಳೆಣಿಕೆಯದು, ಉಪಚುನಾವಣೆ ಸೋಲುವ ಅಪಾಯ ಎದುರಿಗೇ ಇತ್ತು. ಸೋತರು ಕೂಡ. ಸ್ಯಾಂಟೋಸ್ ವಂಚನೆ ಒಪ್ಪಿಕೊಂಡು ಏಳು ವರ್ಷಕ್ಕೂ ಹೆಚ್ಚಿನ ಶಿಕ್ಷೆಗೆ ಜೈಲಿಗೆ ಹೋದರು. ಮೂರು ತಿಂಗಳು ಕಳೆಯುವುದರೊಳಗೆ, 2025ರ ಅಕ್ಟೋಬರಿನಲ್ಲಿ, ಸ್ಯಾಂಟೋಸ್ ಅವರ ಉಳಿದ ಶಿಕ್ಷೆಯನ್ನು ಟ್ರಂಪ್ ಮನ್ನಾ ಮಾಡಿದರು.

ಹಳೆಯ ಕಾಲದ ಒಂದು ಉದಾಹರಣೆ ಈಗ ಕಥೆಯಂತೆ ಕೇಳಿಸುತ್ತದೆ. 1973ರಲ್ಲಿ ಉಪಾಧ್ಯಕ್ಷ ಸ್ಪೈರೊ ಆಗ್ನ್ಯೂ ಮೇಲೆ ಲಂಚದ ತನಿಖೆ ನಡೆಸಿದ ಪ್ರಾಸಿಕ್ಯೂಟರ್ ಜಾರ್ಜ್ ಬೀಲ್. ಆಗ್ನ್ಯೂ ರಿಪಬ್ಲಿಕನ್, ಬೀಲ್ ರಿಪಬ್ಲಿಕನ್, ಬೀಲ್ ಅವರ ಅಣ್ಣ ರಿಪಬ್ಲಿಕನ್ ಸೆನೆಟರ್, ಮೇಲಿನ ಅಟಾರ್ನಿ ಜನರಲ್ ಎಲಿಯಟ್ ರಿಚರ್ಡ್‌ಸನ್ ಕೂಡ ರಿಪಬ್ಲಿಕನ್. ತನಿಖೆ ನಿಲ್ಲಿಸಲು ಶ್ವೇತಭವನದಿಂದ ಒತ್ತಡ ಬಂತು, ಬೀಲ್ ನಿಲ್ಲಿಸಲಿಲ್ಲ. ಅಕ್ಟೋಬರ್ 10ರಂದು ಆಗ್ನ್ಯೂ ತೆರಿಗೆ ತಪ್ಪಿಸಿದ ಆರೋಪಕ್ಕೆ ಎದುರಾಡದೆ ರಾಜೀನಾಮೆ ಕೊಟ್ಟರು. ರಾಜಕೀಯ ಸೇಡು ಎಂದು ಆಗ್ನ್ಯೂ ಕೂಡ ಕೂಗಿದ್ದರು. ಸೇಡು ತೀರಿಸಿಕೊಳ್ಳುವ ಪಕ್ಷ ಯಾವುದು ಎಂದು ತೋರಿಸಲು ಮಾತ್ರ ಅವರ ಬಳಿ ಯಾರೂ ಇರಲಿಲ್ಲ.

ಇನ್ನು ಆ ಮೂರು ಕಾಗದಗಳ ಈಗಿನ ಕಥೆ. ನ್ಯೂಯಾರ್ಕ್ ಕೇಸಿನಲ್ಲಿ ಟ್ರಂಪ್ ಮತ್ತೆ ಅಧಿಕಾರಕ್ಕೇರುವ ಹತ್ತು ದಿನ ಮುಂಚೆ ಶಿಕ್ಷೆ ಪ್ರಕಟವಾಯಿತು. ಜೈಲಿಲ್ಲ, ದಂಡವೂ ಇಲ್ಲ. ತಪ್ಪಿತಸ್ಥ ಎಂಬ ಹಣೆಪಟ್ಟಿ ಮಾತ್ರ ಉಳಿಯಿತು, ಅದರ ಮೇಲೂ ಮೇಲ್ಮನವಿ ಹೋಗಿದೆ. ಹಂಟರ್ ಅವರದು ಕ್ಷಮಾದಾನದಲ್ಲಿ ಮುಗಿಯಿತು. ಜೇಮ್ಸ್ ಕೇಸು ವಜಾ ಆದ ಮೇಲೂ ನ್ಯಾಯ ಇಲಾಖೆ ಬಿಡಲಿಲ್ಲ. 2025ರ ಡಿಸೆಂಬರ್ 4ರಂದು ನಾರ್ಫೋಕ್‌ನಲ್ಲಿ ಗ್ರ್ಯಾಂಡ್ ಜ್ಯೂರಿಯ (ಕೇಸು ಹಾಕಬಹುದೇ ಎಂದು ಮೊದಲೇ ತೀರ್ಮಾನಿಸುವ ನಾಗರಿಕರ ಗುಂಪು) ಮುಂದೆ ಹೊಸದಾಗಿ ಆರೋಪ ಇಟ್ಟಿತು. ಅಲ್ಲಿ ಆರೋಪಿಯ ವಕೀಲರೂ ಇರುವುದಿಲ್ಲ, ಪ್ರಾಸಿಕ್ಯೂಟರ್ ಕೇಳಿದರೆ ಸಾಧಾರಣವಾಗಿ ಒಪ್ಪಿಗೆ ಸಿಕ್ಕೇ ಸಿಗುತ್ತದೆ. ಅವತ್ತು ಸಿಗಲಿಲ್ಲ. ಒಂದು ವಾರ ಬಿಟ್ಟು ಅಲೆಕ್ಸಾಂಡ್ರಿಯಾದಲ್ಲಿ ಇನ್ನೊಂದು ಗ್ರ್ಯಾಂಡ್ ಜ್ಯೂರಿಯನ್ನು ಕೇಳಿತು. ಅವರೂ ಆಗುವುದಿಲ್ಲ ಎಂದರು.